ಕೌದಿ ಹೊದ್ದು ಹೋದ ಕಂಪ್ಯೂಟರ್

ಆ ಪಾಸ್‌ವರ್ಡ್ ಏನಿತ್ತೆಂದು ನಾನಿಲ್ಲಿ ಬರೆಯುವುದಿಲ್ಲ. ಅದು ನನ್ನದಲ್ಲ, ಅವ್ವನದು. ಆದರೆ ಅದು ಹೇಗೆ ಮರೆತುಹೋಯಿತು, ಹೇಗೆ ಸಿಕ್ಕಿತು ಎಂಬುದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುವುದು ನನ್ನಿಂದಾಗದ ಕೆಲಸ. ಇವತ್ತಿಗೂ ನೆನಪಾದರೆ ಕೂತಲ್ಲೇ ಒಬ್ಬಳೇ ನಗುತ್ತೇನೆ. ಪಕ್ಕದಲ್ಲಿದ್ದವರು ಇವಳಿಗೇನಾಯಿತು ಎಂದು ನೋಡುತ್ತಾರೆ, ನೋಡಲಿ.

ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷಗಳಾಗಿದ್ದವು. ನಾನು ರೋಣದಿಂದ ಗದಗಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಬಿಸಿಎ ಓದುತ್ತಿದ್ದೆ. ಅಪ್ಪನದು ಮಾರುಕಟ್ಟೆಯಲ್ಲಿ ರೈತರ ಕಡಲೆ, ಜೋಳವನ್ನು ಸವಾಲು ಕೂಗಿ ಮಾರಿಸುವ ಅಡತಿ ಅಂಗಡಿ. ಮಗಳು ಕಂಪ್ಯೂಟರ್ ಓದುತ್ತಾಳೆಂಬ ಹೆಮ್ಮೆಗೆ ಗದಗಿನಿಂದ ಹಳೆಯದೊಂದು ಡೆಸ್ಕ್‌ಟಾಪ್ ತಂದು ಪಡಸಾಲೆಯಲ್ಲಿ ಕೂರಿಸಿದ್ದ. ಇಂಟರ್ನೆಟ್ ಬೇಕೆಂದರೆ ಮನೆಯ ಫೋನಿನ ವೈರು ಕಿತ್ತು ಅದಕ್ಕೆ ಚುಚ್ಚಬೇಕು. ಅದು ಕಿರ್ರ್, ಕುಂಯ್ ಎಂದು ಒದರಾಡಿ ಒಮ್ಮೊಮ್ಮೆ ಹತ್ತುತ್ತಿತ್ತು, ಒಮ್ಮೊಮ್ಮೆ ಹತ್ತುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಅವ್ವ ಅದರ ಮೇಲೆ ಒಂದು ಕೌದಿ ಹೊದಿಸುತ್ತಿದ್ದಳು. ಧೂಳಿಗೆ ಅಂತ ಹೇಳುತ್ತಿದ್ದಳು, ಆದರೆ ಮಳೆಗಾಲದಲ್ಲಿ ಎರಡು ಕೌದಿ ಹೊದಿಸುತ್ತಿದ್ದಳು.

ಕೌದಿ ಅವ್ವನ ಜೀವ. ಗಜೇಂದ್ರಗಡದಲ್ಲಿ ಒಬ್ಬ ಸಾಬರ ಅರಿವೆ ಅಂಗಡಿಯಿತ್ತು. ಅಲ್ಲಿಂದ ಕೈಮಗ್ಗದ ಸೀರೆಗಳ ತುಂಡು, ಅಂಚು, ಸೆರಗಿನ ಚೂರು ಎಲ್ಲವನ್ನೂ ಗಂಟು ಕಟ್ಟಿಸಿ ತರುತ್ತಿದ್ದಳು. ಹಳೆಯ ಸೀರೆಯ ಮೇಲೆ ಅವನ್ನೆಲ್ಲ ಹರವಿ ಕೈಯಲ್ಲೇ ಹೊಲಿಯುತ್ತಿದ್ದಳು. ಒಂದು ಕೌದಿ ಮುಗಿಯುವಷ್ಟರಲ್ಲಿ ಒಂದು ಹಂಗಾಮು ಕಳೆದಿರುತ್ತಿತ್ತು. ಅಪ್ಪನ ಕಡೆಯ ಬಳಗಕ್ಕೆ ಇದೆಂದರೆ ಅಷ್ಟಕ್ಕಷ್ಟೆ. "ಸಾವ್ಕಾರ್ರ ಹೇಂತಿ ಆಗಿ ಹರಕ ಅರಿಬಿ ಹೊಲಕೋತ ಕುಂದರ್ತಾಳ" ಎಂದು ಆಕೆಯ ಎದುರಿಗೇ ಅನ್ನುತ್ತಿದ್ದರು. ನನಗೆ ಮೈ ಉರಿದುಹೋಗುತ್ತಿತ್ತು. ಅವ್ವ ಮಾತ್ರ ಹಲ್ಲಿನಿಂದ ದಾರ ಕಡಿದು ಮುಂದಿನ ತುಂಡಿಗೆ ಕೈಹಾಕುತ್ತಿದ್ದಳು.

ಒಮ್ಮೆ ಗದಗಿನಲ್ಲಿ ಒಂದು ಮಹಿಳಾ ಮೇಳ ನಡೆದಾಗ ನಾನೇ ಹಟ ಹಿಡಿದು ಅವ್ವನ ಕೌದಿಗಳನ್ನು ಒಯ್ದು ಹಾಸಿದೆ. ಬೆಂಗಳೂರಿನಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಅವುಗಳ ಮುಂದೆ ಕೂತವಳು ಏಳಲೇ ಇಲ್ಲ. ಅಲ್ಲಿ ದೊಡ್ಡ ಪ್ರದರ್ಶನ ನಡೆಸುವವರಂತೆ. ಆರಿಸಿದರೆ ತಿಳಿಸುತ್ತೇವೆ, ಅಮ್ಮನ ಇಮೇಲ್ ಕೊಡಿ ಎಂದರು. ಅಮ್ಮನ ಇಮೇಲ್! ಅದೇ ಸಂಜೆ ಮನೆಗೆ ಬಂದು ಅವ್ವನ ಹೆಸರಿನಲ್ಲಿ ಒಂದು ಅಕೌಂಟು ತೆರೆಯಲು ಕೂತೆ. ಪಾಸ್‌ವರ್ಡಿನ ಜಾಗ ಬಂತು. ಯಾರಿಗೂ ಹೇಳಬಾರದ, ಎಂದೂ ಮರೆಯಬಾರದ ಒಂದು ಮಾತು ಹಾಕಬೇಕು ಎಂದು ತಿಳಿಸಿ ಹೇಳಿದೆ.

ಅವ್ವ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ನನಗೆ ಎಬಿಸಿಡಿ ಕಲಿಸುವಾಗ ತಾನೂ ಕಲಿತಿದ್ದಳು, ಇಂಗ್ಲಿಷ್ ಅಕ್ಷರ ಗೊತ್ತಿತ್ತು.

"ನೀ ಆ ಕಡೆ ತಿರಗು."

"ಯವ್ವಾ, ನಾ ನೋಡಿದ್ರ ಏನಾಕ್ಕೈತಿ?"

"ಯಾರಿಗೂ ಹೇಳಬಾರ್ದು ಅಂತ ನೀನ ಅಂದಿ. ತಿರಗು."

ತಿರುಗಿದೆ. ಒಂದೇ ಬೆರಳಿನಲ್ಲಿ ಕಾಳು ಆರಿಸಿದಂತೆ ಹುಡುಕಿ ಹುಡುಕಿ ಒತ್ತಿದಳು. ಮತ್ತೊಮ್ಮೆ ಒತ್ತಬೇಕು ಎಂದಾಗ ಅದಕ್ಕೆ ಒಮ್ಮೆ ಹೇಳಿದರೆ ತಿಳಿಯುವುದಿಲ್ಲವೇ ಎಂದು ಕಂಪ್ಯೂಟರಿಗೆ ಬೈದಳು. ಆಮೇಲೆ ನಾನು ಅದನ್ನು ಮನೆಯ ಮೇಲ್ ಪ್ರೋಗ್ರಾಮಿಗೆ ಜೋಡಿಸಿದೆ. ಅಲ್ಲಿಯೂ ಆಕೆಯಿಂದ ಒತ್ತಿಸಿ, ಪಾಸ್‌ವರ್ಡ್ ನೆನಪಿಟ್ಟುಕೋ ಎಂಬ ಚೌಕಕ್ಕೆ ಗುರುತು ಹಾಕಿದೆ. ಅದರಿಂದಲೇ ಬೆಂಗಳೂರಿನವರಿಗೆ ಅವ್ವನ ವಿಳಾಸ, ನಮ್ಮ ಫೋನ್ ನಂಬರು ಬರೆದು ಕಳಿಸಿದೆ. ಅವತ್ತಿನಿಂದ ನೆನಪಿಡುವ ಕೆಲಸ ಡಬ್ಬಿಯದಾಯಿತು. ಒಂದು ಗುಂಡಿ ಒತ್ತಿದರೆ ಮೇಲ್ ಬರುತ್ತಿತ್ತು. ಪಾಸ್‌ವರ್ಡ್ ಎನ್ನುವುದೊಂದಿದೆ ಎಂಬುದನ್ನೇ ನಾನು ಮರೆತೆ.

ಇಲ್ಲಿ ನನ್ನ ಅಪ್ಪ ಅವ್ವನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಆ ಕಾಲದ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಲೇಬೇಕಾದಾಗ ಒಡಪು ಕಟ್ಟಿ, ಪ್ರಾಸದ ಮಾತಿನ ನಡುವೆ ಹೆಸರನ್ನು ತೂರಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡುತ್ತಿದ್ದರು. ಮದುವೆಯಾಗಿ ಬಂದ ಹುಡುಗಿಯನ್ನು ನಾದಿನಿಯರು ಹೊಸ್ತಿಲಲ್ಲೇ ತಡೆದು, ಒಡಪಿನಲ್ಲಿ ಹೆಸರು ಹೇಳಿಸಿಯೇ ಒಳಗೆ ಬಿಡುವ ಪದ್ಧತಿ. ನಮ್ಮವ್ವ ಅದನ್ನೂ ಹೇಳಲಿಲ್ಲವಂತೆ. ಬಾಯಿಗೆ ಬೀಗ ಹಾಕಿಕೊಂಡು ನಿಂತೇಬಿಟ್ಟಳಂತೆ. ಕೊನೆಗೆ ನನ್ನ ಅಜ್ಜಿಯೇ ಸೋತು, "ಮೂಕಿ ತಂದೇವಿ ಅನ್ರಿ, ಬಿಡ್ರಿ ಒಳಗ" ಎಂದಳಂತೆ. ಅಪ್ಪನ ಹೆಸರು ಒಬ್ಬ ದೇವರದು. ಆ ದೇವರ ಗುಡಿ ನಮ್ಮ ಓಣಿಯ ಮೂಲೆಯಲ್ಲೇ ಇತ್ತು. ಅವ್ವ ಅದನ್ನು 'ಮೂಲಿ ಗುಡಿ' ಎನ್ನುತ್ತಿದ್ದಳು. ಆರತಿ ತಟ್ಟೆ ಹಿಡಿದಾಗಲೂ ಆ ದೇವರ ಹೆಸರು ಆಕೆಯ ಬಾಯಿಂದ ಬರುತ್ತಿರಲಿಲ್ಲ.

ಅಪ್ಪನಿಗೆ ಇದೊಂದು ತೀರದ ದೂರು. ಊಟಕ್ಕೆ ಕೂತಾಗ ನನ್ನನ್ನು ಕರೆದು ಕಾಡುತ್ತಿದ್ದ. "ನಿಮ್ಮವ್ವಗ ನನ್ನ ಹೆಸರ ಗೊತ್ತೈತೋ ಇಲ್ಲೋ, ಒಂದ್ ಸಲ ಕೇಳಿ ನೋಡು."

"ಹೆಸರ ತೊಗೊಂಡ ಏನ್ ಮಾಡ್ತೀರಿ? ಹೊತ್ತಿಗೆ ಸರ್ಯಾಗಿ ಬಿಸಿ ರೊಟ್ಟಿ ಸಿಗಾಕತ್ತಾವಿಲ್ಲ?" ಎಂದು ಅವ್ವ ಒಳಗಿನಿಂದಲೇ ರೊಟ್ಟಿ ಬಡಿಯುವ ಸಪ್ಪಳ ಜೋರು ಮಾಡುತ್ತಿದ್ದಳು. ನಗೆಯಲ್ಲೇ ಮುಗಿಯುತ್ತಿತ್ತು. ಆದರೂ ಅಪ್ಪ ಒಮ್ಮೊಮ್ಮೆ ನಗೆ ನಿಂತ ಮೇಲೂ ಅಡುಗೆಮನೆಯ ಕಡೆ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಆ ವರ್ಷ ನಾಗರ ಪಂಚಮಿಗೆ ಅವ್ವ ತವರಿಗೆ ಹೋದಳು. ನರಗುಂದ ದಾಟಿ, ಕೊಣ್ಣೂರಿನ ಹೊಳೆಯ ಆಚೆ ಇರುವ ಸಣ್ಣ ಊರು. ಶೇಂಗಾ, ಎಳ್ಳಿನ ಉಂಡಿ ಕಟ್ಟಿ, ಜೋಕಾಲಿ ಆಡಿ ನಾಲ್ಕು ದಿನ ಬಿಟ್ಟು ಬರುವವಳಿದ್ದಳು. ಅಷ್ಟರಲ್ಲಿ ಮೇಲೆ ಮಳೆ ಜೋರಾಗಿ ಮಲಪ್ರಭೆ ಏರಿತು, ಸೇತುವೆಯ ಮೇಲೆ ನೀರು ಬಂತು, ಬಸ್ಸುಗಳು ನರಗುಂದಕ್ಕೇ ನಿಂತವು. ಅವ್ವ ಆ ದಂಡೆಯಲ್ಲಿ, ನಾವು ಈ ದಂಡೆಯಲ್ಲಿ.

ಅಂಥ ಹೊತ್ತಿಗೇ ಬೆಂಗಳೂರಿನಿಂದ ಫೋನ್ ಬಂತು. ಅದೇ ಹೆಣ್ಣುಮಗಳು. "ಅಮ್ಮನ ಕೌದಿ ಆಯ್ಕೆಯಾಗಿದೆ ಕಣಮ್ಮ, ಅವರ ಹೆಸರಿನಲ್ಲೇ ಒಂದು ಮಳಿಗೆ ಕೊಡ್ತಿದೀವಿ. ಎಲ್ಲ ವಿವರ ಮೇಲ್ ಮಾಡಿದೀನಿ. ನಾಳೆ ಸಂಜೆಯೊಳಗೆ ಅದಕ್ಕೆ ಒಪ್ಪಿಗೆ ಬರೀಬೇಕು, ಇಲ್ಲ ಅಂದ್ರೆ ಜಾಗ ಮುಂದಿನವರಿಗೆ ಹೋಗತ್ತೆ."

ನಾನು ಕುಣಿದೆ. ಖರೆ ಹೇಳುತ್ತೇನೆ, ಪಡಸಾಲೆಯಲ್ಲಿ ಒಬ್ಬಳೇ ಕುಣಿದೆ. ಹರಕ ಅರಿಬಿ ಎಂದವರ ಮುಖ ಒಂದೊಂದೇ ಕಣ್ಣ ಮುಂದೆ ಬಂತು. ಕುಣಿತದಲ್ಲಿ ಅವರ ಫೋನ್ ನಂಬರು ಕೇಳುವುದು ಮರೆತೆ. ವೈರು ಬದಲಿಸಿ ಇಂಟರ್ನೆಟ್ ಹಚ್ಚಲು ಹೋದರೆ ಕಿರ್ರೂ ಇಲ್ಲ, ಕುಂಯ್ಯೂ ಇಲ್ಲ. ಅಷ್ಟರಲ್ಲೇ ಮಳೆಗೆ ಲೈನ್ ಸತ್ತಿತ್ತು. ಬೆಳಗಾಗುವಷ್ಟರಲ್ಲಿ ನಮ್ಮ ಓಣಿಯ ಕರೆಂಟೂ ಹೋಗಿತ್ತು. ಅವರ ಮೇಲ್ ವಿಳಾಸವೂ ಆ ಡಬ್ಬಿಯೊಳಗೇ ಇತ್ತು, ಅದನ್ನು ಚಾಲೂ ಮಾಡುವಂತಿಲ್ಲ.

"ಬಸ್‌ಸ್ಟ್ಯಾಂಡ್ ಹತ್ರ ಸೈಬರ್ ಐತಲ್ಲ, ನಡಿ" ಎಂದು ಅಪ್ಪ ಅಂಗಡಿಗೆ ಹೋಗುವುದು ಬಿಟ್ಟು ಸ್ಕೂಟರ್ ತೆಗೆದ.

ಸೈಬರ್ ನಡೆಸುತ್ತಿದ್ದವನು ಅವ್ವನಿಗೆ ಅರಿವೆ ಕೊಡುತ್ತಿದ್ದ ಗಜೇಂದ್ರಗಡದ ಅಂಗಡಿಯವರ ತಮ್ಮ. ಜನರೇಟರ್ ಇದ್ದ ಒಂದೇ ಸೈಬರ್ ತನ್ನದು ಎಂಬ ಗತ್ತು ಅವನಿಗೆ. ನಾನು ಅವ್ವನ ವಿಳಾಸ ಹೊಡೆದೆ. ಪರದೆ ಪಾಸ್‌ವರ್ಡ್ ಕೇಳಿತು. ಅದು ಅವ್ವನೊಬ್ಬಳಿಗೇ ಗೊತ್ತು!

ಪಕ್ಕದ ಎಸ್‌ಟಿಡಿ ಬೂತಿನಿಂದ ಅವ್ವನ ತವರಿನ ಬಾಜೂ ಮನೆಗೆ ಫೋನ್ ಹಚ್ಚಿದೆ. ಪುಣ್ಯಕ್ಕೆ ಹತ್ತಿತು. ಆಕೆಯನ್ನು ಕರೆತರುವವರೆಗೆ ನಾನು ನಿಂತಲ್ಲೇ ಕಾಲು ಬದಲಿಸುತ್ತಿದ್ದೆ.

"ಯವ್ವಾ, ನಿನ್ನ ಮೇಲಿನ ಪಾಸ್‌ವರ್ಡ್ ಹೇಳ, ಲಗೂ! ಬೆಂಗಳೂರಾಗ ನಿನ್ನ ಕೌದಿ ಆರಿಸ್ಯಾರ, ನಿನ್ನ ಹೆಸರ್ಲೇ ಮಳಿಗಿ ಕೊಡ್ತಾರಂತ! ಇವತ್ತ ಸಂಜಿಯೊಳಗ ಉತ್ತರಾ ಬರೀಬೇಕು."

"ಖರೇನ?" ಅವ್ವನ ದನಿ ಏರಿತು. ಹಿಂದೆ ಪಂಚಮಿಗೆ ಬಂದ ಹೆಣ್ಣುಮಕ್ಕಳ ಗದ್ದಲ ಕೇಳುತ್ತಿತ್ತು. ಎಲ್ಲರೂ ಫೋನಿನ ಸುತ್ತಲೇ ನಿಂತಿದ್ದರೆಂದು ಕಾಣುತ್ತದೆ.

"ಖರೇನ! ಹೇಳ, ಏನಂತ ಹಾಕೀದಿ?"

ಅವ್ವ ಮೆಲ್ಲಗೆ ಕೇಳಿದಳು, "ನಿಮ್ಮಪ್ಪ ಎಲ್ಲಿ ಅದಾರ?"

"ಇಲ್ಲೇ ನನ್ನ ಬಾಜೂಕ ನಿಂತಾನ. ಕೊಡ್ಲೇನು?"

"ಬ್ಯಾಡ, ಬ್ಯಾಡ."

"ಹಂಗಾರ ಪಾಸ್‌ವರ್ಡ್ ಹೇಳು."

"ಮರ್ತೇನಿ."

"ಯವ್ವಾ! ಹಾಕಿದಾಕಿ ನೀನ! ಮಳಿಗಿ ಹೋಗಿಬಿಡ್ತೈತಿ!"

"ಮರ್ತೇನಿ ಅಂದ್ರ ಮರ್ತೇನಿ. ಇಲ್ಲೆ ಮಂದಿ ನಿಂತಾರ. ಆ ಡಬ್ಬ್ಯಾಗ ಇರತೈತಲ್ಲ, ಅದರಾಗ ಹುಡುಕ್ರಿ." ಲೈನು ಗೊರಗೊರ ಎಂದು ಕಡಿದುಹೋಯಿತು. ಮತ್ತೆ ಎಷ್ಟು ಹಚ್ಚಿದರೂ ಹತ್ತಲಿಲ್ಲ.

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಅಪ್ಪ ಮಾತ್ರ ಸೈಬರಿಗೆ ಮರಳಿ ಕುರ್ಚಿ ಎಳೆದುಕೊಂಡು ಕೂತ. ಹೆಂಡತಿಯ ಮನಸ್ಸು ತನಗೆ ಗೊತ್ತಿಲ್ಲದೇ ಇನ್ಯಾರಿಗೆ ಗೊತ್ತು ಎಂಬ ಧೈರ್ಯ. ಅವ್ವನ ಮನೆದೇವರು ಹೊಡೆಸಿದ. ತವರೂರು ಹೊಡೆಸಿದ. ನನ್ನ ಹೆಸರು, ನನ್ನ ಸೋದರಮಾವನ ಹೆಸರು, ಕಡೆಗೆ ತವರಿನಲ್ಲಿ ಆಕೆ ಕೈಯಾರೆ ಸಾಕಿದ ಎಮ್ಮೆಯ ಹೆಸರನ್ನೂ ನೆನಪು ಮಾಡಿಕೊಂಡು ಹೊಡೆಸಿದ. ಪ್ರತಿ ಸಲ, "ಇದು ಗ್ಯಾರಂಟಿ, ಒತ್ತು" ಎನ್ನುತ್ತಿದ್ದ. ಎಮ್ಮೆಯ ಹೆಸರು ಹೊಡೆದ ಮೇಲೆ ಪರದೆಯೇ ಬೇಸತ್ತು ಬಾಗಿಲು ಹಾಕಿಕೊಂಡಿತು. ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದಿತು.

"ಎಮ್ಮಿ ಹೆಸರೂ ಅಲ್ಲಂದ್ರ ಮತ್ತೇನ ಇರಬೇಕು?" ಅಪ್ಪ ನಿಜವಾಗಿಯೂ ತಲೆ ಕೆರೆದುಕೊಂಡ.

ಅವ್ವನ ಕೊನೆಯ ಮಾತು ಆಗ ನನ್ನ ತಲೆಯಲ್ಲಿ ತಿರುಗಿತು. ಡಬ್ಬಿಯಲ್ಲಿ ಇರುತ್ತದಲ್ಲ! ಹೌದು, ಇರುತ್ತದೆ, ಸಾಲು ಚುಕ್ಕಿಗಳಾಗಿ ಇರುತ್ತದೆ. ಆ ಚುಕ್ಕಿಗಳ ಹಿಂದೆ ಏನಿದೆ ಎಂದು ನೋಡಲು ಬಂದರೆ? ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಎಲ್ಲೋ ಯಾವನೋ ನಮ್ಮಂತೆಯೇ ಗೋಳಿಟ್ಟುಕೊಂಡಿದ್ದ, ಇನ್ನೊಬ್ಬ ಅವನಿಗೆ ದಾರಿ ತೋರಿಸಿದ್ದ. ಸಣ್ಣದೊಂದು ಪ್ರೋಗ್ರಾಮು. ಮೇಲ್ ಪ್ರೋಗ್ರಾಮಿನಲ್ಲಿ ಚುಕ್ಕಿ ಕಾಣುವ ಜಾಗ ತೆರೆದು, ಅದರ ಮೇಲೆ ಇದರ ಭೂತಗನ್ನಡಿಯನ್ನು ಎಳೆದು ತಂದಿಟ್ಟರೆ ಅಕ್ಷರಗಳೇ ಕಾಣುತ್ತವಂತೆ. ಕೂಗಿಬಿಟ್ಟೆ. ಸೈಬರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅದನ್ನು ಫ್ಲಾಪಿಗೆ ಇಳಿಸಿಕೊಂಡೆ.

ಆದರೆ ಮನೆಯಲ್ಲಿ ಕರೆಂಟ್ ಎಲ್ಲಿದೆ? "ಡಬ್ಬಿನ ಇಲ್ಲಿಗೆ ತರೂಣು" ಎಂದ ಅಪ್ಪ.

ಮಳೆ ಸಣ್ಣಗೆ ಹನಿಯುತ್ತಿತ್ತು. ಸಿಪಿಯುವಿಗೆ ಅವ್ವ ಹೊದಿಸಿದ್ದ ಕೌದಿಯನ್ನೇ ನಾಲ್ಕೂ ಕಡೆಯಿಂದ ಸುತ್ತಿದೆ, ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ಸ್ಕೂಟರಿನ ಹಿಂದೆ ಕೂತು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಅವಚಿಕೊಂಡೆ. ಅಪ್ಪ ತಗ್ಗು ಬಂದಲ್ಲೆಲ್ಲ ಕಾಲು ಕೊಟ್ಟು ಮೆಲ್ಲಗೆ ದಾಟಿಸುತ್ತಿದ್ದ. ಓಣಿಯ ತಿರುವಿನಲ್ಲಿ ಒಬ್ಬ ಹಿರಿಯ ಹೆಂಗಸು ಕೊಡೆ ಹಿಡಿದು ಬರುತ್ತಿದ್ದವಳು ನಿಂತೇಬಿಟ್ಟಳು.

"ಯಾರ ಕೂಸು ತಂಗಿ ಅದು? ಜ್ವರಾ ಬಂದಾವೇನು? ದವಾಖಾನಿಗೆ ಹೊಂಟೀರಿ?"

"ಹೌದಬೇ, ಬಾಯಿ ಬಿಡವಲ್ದು. ಬಿಡಿಸ್ಕೊಂಡ ಬರ್ತೀವಿ" ಎಂದು ಅಪ್ಪ ಗಾಡಿ ನಿಲ್ಲಿಸದೆ ಹೇಳಿದ. ನಾನು ಹಿಂದೆ ಕೂತು ನಕ್ಕು ನಕ್ಕು ಡಬ್ಬಿ ಕೆಡವುವುದೊಂದು ಬಾಕಿ.

ಸೈಬರಿನವನು ಕೌದಿ ಬಿಚ್ಚಿದ ಕೂಡಲೇ ಗುರುತು ಹಿಡಿದ. "ಇದು ನಮ್ಮಣ್ಣನ ಅಂಗಡಿ ಅರಿಬಿ! ನೋಡ್ರಿ, ಈ ಅಂಚು ನಮ್ಮದ." ಅಲ್ಲಿಂದ ಇದು ಅವನ ಮನೆತನದ ಕೆಲಸವೂ ಆಯಿತು. ತನ್ನ ಮಾನಿಟರ್, ಕೀಲಿಮಣೆ ಕಿತ್ತು ನಮ್ಮ ಡಬ್ಬಿಗೆ ಜೋಡಿಸಿದ. ಚಾಲೂ ಆಯಿತು. ಮೇಲ್ ಪ್ರೋಗ್ರಾಮು ತೆರೆದು ಅಕೌಂಟಿನ ಜಾಗಕ್ಕೆ ಹೋದೆ. ಚುಕ್ಕಿಗಳು ಸಾಲಾಗಿ ಕೂತಿದ್ದವು. ಫ್ಲಾಪಿ ಹಾಕಿದೆ, ಅದು ಗರಗರ ತಿರುಗಿ ಓದಿಕೊಂಡಿತು. ಭೂತಗನ್ನಡಿಯ ಚಿತ್ರ ಬಂತು. ಆಗ ನೋಡಿದರೆ ಸೈಬರಿನಲ್ಲಿದ್ದ ಅಷ್ಟೂ ಜನ ನಮ್ಮ ಕುರ್ಚಿಗಳ ಹಿಂದೆ ನಿಂತಿದ್ದರು. ಅಪ್ಪ ಕನ್ನಡಕ ಒರೆಸಿ ಹಾಕಿಕೊಂಡ.

ಎಳೆದೆ, ಚುಕ್ಕಿಗಳ ಮೇಲೆ ತಂದು ಬಿಟ್ಟೆ. ಕೆಳಗಿನ ಸಣ್ಣ ಕಿಟಕಿಯಲ್ಲಿ ಅಕ್ಷರಗಳು ಮೂಡಿದವು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಸೈಬರಿನವನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಅಪ್ಪನನ್ನು ಸಾವ್ಕಾರ್ರ ಎಂದಷ್ಟೇ ಬಲ್ಲ ಅವನಿಗೆ ಅದು ಯಾರ ಹೆಸರೆಂದು ತಿಳಿಯಲಿಲ್ಲ. "ಯಾವುದೋ ದೇವರ ಹೆಸರ ಇದ್ದಂಗ ಐತಿ. ಕಡೀಕ 'ಅವರು' ಅಂತನೂ ಐತಿ ನೋಡ್ರಿ."

ಹೌದು, ಕೊನೆಗೆ 'ಅವರು' ಎಂದಿತ್ತು. ಗಂಡನ ಹೆಸರನ್ನು ಬರೀ ಹೆಸರಾಗಿ ಹೊಡೆಯಲು ಅವ್ವನ ಬೆರಳು ಒಪ್ಪಿರಲಿಲ್ಲ. ಯಾರೂ ನೋಡದ, ಯಾರೂ ಕೇಳದ ಆ ಕತ್ತಲ ಜಾಗದಲ್ಲಿಯೂ ಮರ್ಯಾದೆ ಕೊಟ್ಟೇ ಕರೆದಿದ್ದಳು.

ನಾನು ಅಪ್ಪನ ಕಡೆ ನೋಡಿದೆ. ಚೆಕ್ಕಿನ ಮೇಲೆ ದಿನಾ ಬರೆಯುವ ಆ ಅಕ್ಷರಗಳನ್ನು ಅವನು ಹೊಸದಾಗಿ ಓದು ಕಲಿತವನಂತೆ ತುಟಿ ಅಲ್ಲಾಡಿಸಿ ಓದುತ್ತಿದ್ದ. ಕಿವಿ ಕೆಂಪಾಗಿದ್ದವು. ಮಾರುಕಟ್ಟೆಯಲ್ಲಿ ಸವಾಲಿಗೆ ನಿಂತರೆ ಓಣಿಗೆಲ್ಲ ಕೇಳುವ ದನಿಯವನು, ಸೈಬರಿನವನ ಹೆಗಲು ಮುಟ್ಟಿ ಸಣ್ಣಗೆ ಹೇಳಿದ. "ಇನ್ನೊಮ್ಮೆ ಓದ್ರಿ."

ಅವನು ಓದಿದ. ಹಿಂದೆ ನಿಂತವರಲ್ಲಿ ಅಪ್ಪನ ಪರಿಚಯದ ಒಬ್ಬರು ಇದ್ದರು. "ಅಯ್ಯ, ಇದು ಇವರದ ಹೆಸರ ಐತಲ್ಲೋ!" ಎಂದು ಅವರು ಕೂಗಿದ್ದೇ ತಡ, ಸೈಬರೆಲ್ಲ ಹೋ ಎಂದಿತು. ಯಾರೋ ಚಪ್ಪಾಳೆ ಹೊಡೆದರು. ನಾನಂತೂ ನಗುತ್ತಿದ್ದೆನೋ ಅಳುತ್ತಿದ್ದೆನೋ, ಖುಷಿಯಲ್ಲಿ ನನಗೇ ತಿಳಿಯಲಿಲ್ಲ.

ಎಮ್ಮೆಯ ಹೆಸರಿಗೆ ಮುಚ್ಚಿಕೊಂಡಿದ್ದ ಪರದೆಯ ಬಾಗಿಲು ಅಷ್ಟರಲ್ಲಿ ತೆರೆದಿತ್ತು. ಸೈಬರಿನ ಕಂಪ್ಯೂಟರಿನಲ್ಲಿ ಆ ಅಕ್ಷರಗಳನ್ನು ಹೊಡೆದೆ, ಅವ್ವನ ಮೇಲ್ ತೆರೆಯಿತು. ಬೆಂಗಳೂರಿನ ಮೇಲ್ ಎಲ್ಲಕ್ಕೂ ಮೇಲೆ ಕೂತಿತ್ತು. ಒಪ್ಪಿಗೆ ಬರೆದು, ಕೆಳಗೆ ಅವ್ವನ ಹೆಸರು ಹಾಕಿ ಕಳಿಸಿದೆವು. ನಾವು ಏಳುವ ಮೊದಲೇ ಮರು ಉತ್ತರ ಬಂತು. ಮಳಿಗೆ ಅಮ್ಮನದೇ, ಬನ್ನಿ.

ಆಗ ಸೈಬರಿನವನು ವೈರುಗಳನ್ನು ಸುತ್ತುತ್ತಿದ್ದವನು ತಟಕ್ಕನೆ ನಿಂತು ಹಣೆ ಬಡಿದುಕೊಂಡ. "ತಂಗೀ, ನಮ್ಮ ತಲೀಗೆ ಏನಾಗಿತ್ತು? ಡಬ್ಬಿ ಹೆಂಗೂ ಇಲ್ಲಿಗೆ ಬಂದಿತ್ತು. ನನ್ನ ಲೈನಿಗೆ ಹಚ್ಚಿ ಗುಂಡಿ ಒತ್ತಿದ್ರ ಮೇಲ್ ತಾನ ಬರ್ತಿತ್ತಲ್ಲ! ಈ ಪಾಸ್‌ವರ್ಡ್ ಹುಡುಕೂದು ಬೇಕಾಗಿರಲೇ ಇಲ್ಲ."

ಖರೆ ಮಾತು. ಬಿಸಿಎ ಓದುವ ನನಗೂ ಹೊಳೆದಿರಲಿಲ್ಲ, ಊರಿಗೇ ಇಂಟರ್ನೆಟ್ ಕಲಿಸಿದವನು ತಾನೆಂದು ಹೇಳಿಕೊಳ್ಳುವ ಅವನಿಗೂ ಹೊಳೆದಿರಲಿಲ್ಲ. ನಾನು ನಾಚಿ ನಾಲಿಗೆ ಕಚ್ಚಿಕೊಂಡೆ.

ಅಪ್ಪ ಕೌದಿಯನ್ನು ಮತ್ತೆ ಡಬ್ಬಿಗೆ ಸುತ್ತುತ್ತಿದ್ದ. ತಲೆ ಎತ್ತದೆ ಹೇಳಿದ. "ಬೇಕಾಗಿತ್ತ್ರಿ. ಬೇಕಾಗಿತ್ತು."

ಹೊಳೆ ಇಳಿದು, ಬಸ್ಸು ಬಿಟ್ಟು ಅವ್ವ ಉಂಡಿಯ ಡಬ್ಬಿಗಳೊಂದಿಗೆ ಮನೆಗೆ ಬಂದಳು. ಮಳಿಗೆ ಸಿಕ್ಕ ಸುದ್ದಿ ಕೇಳಿ ಕೈಕಾಲು ತೊಳೆಯುವುದನ್ನೂ ಮರೆತು ಪೆಟ್ಟಿಗೆಯಿಂದ ಕೌದಿಗಳನ್ನು ತೆಗೆತೆಗೆದು ಹಾಸಿದಳು. ಬೆಂಗಳೂರಿಗೆ ಯಾವುದು, ಯಾವುದು ಬೇಡ ಎಂದು ತಾನೇ ಕೇಳಿ ತಾನೇ ಉತ್ತರಿಸಿದಳು. ಅವಳನ್ನು ಅಷ್ಟು ಸಡಗರದಲ್ಲಿ ನಾನು ಕಂಡಿದ್ದೇ ಇಲ್ಲ. ನಡುವೆ ಒಮ್ಮೆ ಕೈ ನಿಲ್ಲಿಸಿದಳು.

"ಪಾಸ್‌ವರ್ಡ್ ಹ್ಯಾಂಗ ಸಿಕ್ತು?"

ಹೇಳಿದೆ.

"ನಿಮ್ಮಪ್ಪ ನೋಡಿದ್ರೇನು?"

"ಅಪ್ಪ ನೋಡಿದ, ಸೈಬರಿನ ಮಂದಿ ಎಲ್ಲಾ ನೋಡಿದ್ರು. ಎರಡ್ ಸಲ ಓದಿದ್ರು."

ಅವ್ವನ ಮುಖ ರಂಗೇರಿತು. "ಈಗಿಂದೀಗ ಬದಲ್ ಮಾಡು ಅದನ್ನ. ನನ್ನ ಮೇಲು ಊರ ಮಂದೆಲ್ಲಾ ತಗಿಯಾಂಗ ಆತು."

ಮಾತು ಸರಿಯಾಗಿಯೇ ಇತ್ತು. ಇನ್ನು ಪ್ರದರ್ಶನದ ವ್ಯವಹಾರವೆಲ್ಲ ಆ ಮೇಲಿನಲ್ಲೇ ನಡೆಯುವುದಿತ್ತು. ಲೈನು ಕರೆಂಟು ಎರಡೂ ಬಂದಿದ್ದವು. ಕಂಪ್ಯೂಟರ್ ಹಚ್ಚಿ, ಪಾಸ್‌ವರ್ಡ್ ಬದಲಿಸುವ ಪುಟ ತೆರೆದುಕೊಟ್ಟೆ. ಹೊರಗೆ ಕಟ್ಟೆಯ ಮೇಲೆ ಅಪ್ಪ ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ. ಕಿವಿ ಮಾತ್ರ ಒಳಗೇ ಇತ್ತು.

"ತಿರಗು ಆ ಕಡೆ" ಎಂದಳು ಅವ್ವ.

ತಿರುಗಿದೆ. ಅದೇ ಒಂದು ಬೆರಳು, ಅದೇ ಹುಡುಕಾಟ. ಹೊಸದನ್ನು ಒತ್ತಿದಳು, ಇನ್ನೊಮ್ಮೆ ಒತ್ತಿದಳು. ಈ ಸಲ ಕಂಪ್ಯೂಟರಿಗೆ ಬೈಯಲಿಲ್ಲ. ಆದರೂ ಪುಟ ಮುಂದೆ ಹೋಗಲಿಲ್ಲ. ಕೆಂಪಕ್ಷರದಲ್ಲಿ ಏನೋ ಬಂತು.

"ಏನ್ ಅಂತೈತಿ ನೋಡು ಅದು?"

ನಾನು ತಿರುಗಿ ಓದಿದೆ. ಓದಿ, ಕಟ್ಟೆಯವರೆಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. "ಹಳೇದನ್ನ ಮತ್ತ ಹಾಕೀರಿ, ನಡಿಯೂದಿಲ್ಲ, ಬ್ಯಾರೇದು ಹಾಕ್ರಿ ಅಂತೈತಿ, ಯವ್ವಾ."

ಹೊರಗೆ ಅಡಕೊತ್ತಿನ ಸಪ್ಪಳ ನಿಂತಿತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನನ್ನಲ್ಲ, ಪರದೆಯನ್ನು ನೋಡಿ ಹೇಳಿದಳು.

"ಬ್ಯಾರೇದು ನನಗ ನೆನಪ ಉಳಿಯೂದಿಲ್ಲ ಅಂತ ಹೇಳು ಅದಕ್ಕ."